ರೇಡಿಯೇಷನ್ ಬರುತ್ತೆ

“ಫೋನು ತಲೆದಿಂಬಿನ ಕೆಳಗಿಟ್ಟು ಮಲಗಬೇಡ ಮಗಾ, ರೇಡಿಯೇಷನ್ ಬರುತ್ತೆ.” ಕರ್ನಾಟಕದ ಮನೆಗಳಲ್ಲಿ ಈ ಮಾತು ಈಗ “ಒದ್ದೆ ತಲೆಯಲ್ಲಿ ಮಲಗಬೇಡ, ನೆಗಡಿಯಾಗುತ್ತೆ” ಎಂಬಷ್ಟೇ ಸಲೀಸು. ರೂಟರ್ ಪಕ್ಕ ತೊಟ್ಟಿಲು ಕಟ್ಟಬಾರದು, ಬಸುರಿ ಓವನ್ ಮುಂದೆ ನಿಲ್ಲಬಾರದು, ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟುಕೊಳ್ಳಬಾರದು. ಕಾರಣ ಕೇಳಿದರೆ ಒಂದೇ ಉತ್ತರ. ಮಳೆ ಬರುತ್ತೆ, ಜ್ವರ ಬರುತ್ತೆ, ವಾಸನೆ ಬರುತ್ತೆ. ಆ ಸಾಲಿಗೆ ರೇಡಿಯೇಷನ್ನೂ ಸೇರಿಕೊಂಡಿದೆ. ಬರುವುದು ಯಾವುದು, ಎಷ್ಟು ಎಂಬುದು ಮಾತ್ರ ಆ ವಾಕ್ಯದಲ್ಲಿಲ್ಲ.

ಪಠ್ಯಪುಸ್ತಕ, ಪತ್ರಿಕೆಗಳು ‘ವಿಕಿರಣ’ ಎನ್ನುತ್ತವೆ. ಸಂಸ್ಕೃತದಲ್ಲಿ ಅದಕ್ಕೆ ಚೆಲ್ಲುವುದು, ಚದುರಿಸುವುದು ಎಂಬ ಅರ್ಥ. ಸೂರ್ಯನ ‘ಕಿರಣ’ವೂ ಗ್ರಂಥಾಲಯದ ‘ಪ್ರಕೀರ್ಣ’ ವಿಭಾಗವೂ ಅದೇ ಧಾತುವಿನಿಂದ ಹುಟ್ಟಿದವು. ಇಂಗ್ಲಿಷ್ ಪದದ ಮೂಲ ಲ್ಯಾಟಿನ್ನಿನ ‘ರೇಡಿಯಸ್’, ಎಂದರೆ ಗಾಡಿಚಕ್ರದ ಅರ, ಬೆಳಕಿನ ಕಿರಣ. ಊರೂರಿಗೆ ಹಾಡು, ವಾರ್ತೆ ತಂದ ರೇಡಿಯೋಗೂ 1898ರಲ್ಲಿ ಕ್ಯೂರಿ ದಂಪತಿ ಪತ್ತೆಹಚ್ಚಿದ ರೇಡಿಯಂಗೂ ಹೆಸರು ಬಂದದ್ದು ಆ ಅರದಿಂದಲೇ. ರೇಡಿಯೋ ಕೇಳಿ ಯಾರೂ ಕಾಯಿಲೆ ಬೀಳಲಿಲ್ಲ. ರೇಡಿಯಂ ಜೊತೆ ವರ್ಷಗಟ್ಟಲೆ ದುಡಿದ ಮೇರಿ ಕ್ಯೂರಿ 1934ರಲ್ಲಿ ರಕ್ತದ ಕಾಯಿಲೆಯಿಂದ ತೀರಿಕೊಂಡರು. ಒಂದೇ ಬೇರಿನ ಹೆಸರಿನಡಿ ಇಷ್ಟು ದೂರದ ಎರಡು ಸಂಗತಿಗಳು ಆಗಲೇ ಕೂತಿದ್ದವು.

ಕನ್ನಡದಲ್ಲಿ ‘ವಿಕಿರಣ’ಕ್ಕೆ ನಡುಕ ಅಂಟಿದ್ದು ಪರಮಾಣುವಿನ ಸುದ್ದಿಗಳಿಂದ. 1945ರ ಹಿರೋಶಿಮಾ, 1986ರ ಚೆರ್ನೋಬಿಲ್ ದೂರದವು, ಕೈಗಾ ಮನೆಯಂಗಳದ್ದು. ಅಲ್ಲಿನ ಅಣುಸ್ಥಾವರವನ್ನು ವಿರೋಧಿಸಿದ ಶಿವರಾಮ ಕಾರಂತರು 1989ರಲ್ಲಿ ಉತ್ತರ ಕನ್ನಡದಿಂದ ಲೋಕಸಭೆಗೇ ಸ್ಪರ್ಧಿಸಿದರು. 2009ರಲ್ಲಿ ಆ ಸ್ಥಾವರದ ನೌಕರರು ಕುಡಿಯುವ ನೀರಿನಲ್ಲಿ ವಿಕಿರಣಶೀಲ ಟ್ರಿಟಿಯಂ ಬೆರೆತಿದ್ದು ಬಯಲಾಯಿತು. ಈ ಭಯ ಮೂಢನಂಬಿಕೆಯಲ್ಲ, ಅದಕ್ಕೆ ನೆಲೆಯಿತ್ತು. ಆಮೇಲೆ ತಾರಸಿಗಳ ಮೇಲೆ ಮೊಬೈಲ್ ಟವರ್‌ಗಳು ಎದ್ದವು, ಅದೇ ಪದ ಅಷ್ಟೂ ಭಯವನ್ನು ಹೊತ್ತುಕೊಂಡು ಟವರ್ ಹತ್ತಿತು, ಅಲ್ಲಿಂದ ಇಳಿದು ಜೇಬಿನ ಫೋನಿಗೂ ಅಡುಗೆಮನೆಗೂ ಬಂತು. ಗುಬ್ಬಚ್ಚಿ ಮಾಯವಾದದ್ದಕ್ಕೂ ಅದೇ ಕಾರಣವೆಂದಾಯಿತು. ಆದರೆ 2020ರಲ್ಲಿ ಪ್ರಕಟವಾದ ಭಾರತದ ಪಕ್ಷಿಗಳ ಸ್ಥಿತಿಗತಿ ವರದಿಯ ಪ್ರಕಾರ ಗುಬ್ಬಚ್ಚಿಗಳು ಮಹಾನಗರಗಳಲ್ಲಿ ಕಡಿಮೆಯಾಗಿದ್ದರೂ ಒಟ್ಟು ದೇಶದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿವೆ.

“ಟೀವಿ ಹತ್ತಿರ ಕೂರಬೇಡ” ಎಂಬ ಹಳೆಯ ಗದರಿಕೆಯ ಹಿಂದೆಯೂ ಒಂದು ನಿಜವಿದೆ. 1967ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಕೆಲವು ದೊಡ್ಡ ಬಣ್ಣದ ಟೀವಿಗಳು ಕ್ಷ-ಕಿರಣ ಸೋರುತ್ತಿದ್ದುದು ಪತ್ತೆಯಾಯಿತು. ಮರುವರ್ಷವೇ ಅಲ್ಲಿ ಅದಕ್ಕಾಗಿ ಕಾಯ್ದೆ ಬಂತು. ಹೆಚ್ಚಿನ ವೋಲ್ಟೇಜಿನ ಆ ಪಿಕ್ಚರ್ ಟ್ಯೂಬ್‌ಗಳು ಹೋಗಿ, ಕ್ಷ-ಕಿರಣ ಹುಟ್ಟುವ ಅವಕಾಶವೇ ಇಲ್ಲದ ಎಲ್‌ಇಡಿ ಪರದೆಗಳು ಗೋಡೆಗೇರಿವೆ. ಗದರಿಕೆ ಉಳಿದುಕೊಂಡಿದೆ.

ಕ್ಷ-ಕಿರಣ, ಗಾಮಾ ಕಿರಣಗಳಿಗೆ ಪರಮಾಣುವಿನಿಂದ ಎಲೆಕ್ಟ್ರಾನನ್ನೇ ಕಿತ್ತೆಸೆಯುವ, ಡಿಎನ್‌ಎ ಎಳೆಯನ್ನು ತುಂಡರಿಸುವ ಕಸುವಿದೆ. ವೈಫೈಯದೂ ಮೈಕ್ರೋವೇವ್ ಓವನ್ನಿನದೂ ಸುಮಾರು 2.4 ಗಿಗಾಹರ್ಟ್ಸ್ ಅಲೆ; ಅದರ ಒಂದೊಂದು ಫೋಟಾನಿನ ಶಕ್ತಿ ಆ ಕೆಲಸಕ್ಕೆ ಬೇಕಾದುದರ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಅದು ಮಾಡಬಲ್ಲದ್ದು ಬಿಸಿ. ಓವನ್ ಏಳೆಂಟುನೂರು ವ್ಯಾಟನ್ನು ಲೋಹದ ಪೆಟ್ಟಿಗೆಯೊಳಗೆ ಕೂಡಿಹಾಕಿ ಅನ್ನ ಬಿಸಿ ಮಾಡುತ್ತದೆ. ರೂಟರ್ ಒಂದು ವ್ಯಾಟಿನ ಹತ್ತನೇ ಒಂದರಷ್ಟನ್ನು ಇಡೀ ಮನೆಗೆ ಹರಡುತ್ತದೆ. ಬಾಗಿಲು ಸೊಟ್ಟಗಾದ, ಸರಿಯಾಗಿ ಮುಚ್ಚದ ಓವನ್ನನ್ನು ರಿಪೇರಿಗೆ ಕಳಿಸಲೇಬೇಕು. ತೊಡೆಯ ಮೇಲಿನ ಲ್ಯಾಪ್‌ಟಾಪಿನಿಂದಲೂ ಚರ್ಮಕ್ಕೆ ತಾಗುವುದು ಬರಿಯ ಶಾಖ.

ಈ ಎರಡು ಬಗೆಗೆ ಕನ್ನಡದಲ್ಲಿ ‘ಅಯಾನೀಕಾರಕ’, ‘ಅಯಾನೀಕಾರಕವಲ್ಲದ’ ಎಂಬ ಪದಗಳಿವೆ. ಶುದ್ಧವಾಗಿವೆ, ಸರಿಯಾಗಿಯೂ ಇವೆ, ಆದರೆ ಯಾವ ಅಜ್ಜಿಯೂ ಅವನ್ನು ಆಡಲಾರಳು. ಫೋನಿನದನ್ನು ‘ರೇಡಿಯೋ ಅಲೆ’ ಎಂದೇ ಕರೆದಿದ್ದರೆ ಎಷ್ಟೋ ನಿದ್ದೆ ಕೆಡುತ್ತಿರಲಿಲ್ಲ. ಟವರ್‌ಗಳ ಮಾಹಿತಿಗೆಂದು ಕೇಂದ್ರ ದೂರಸಂಪರ್ಕ ಇಲಾಖೆ 2017ರಲ್ಲಿ ಪೋರ್ಟಲ್ ತೆರೆದಾಗ ‘ತರಂಗ್ ಸಂಚಾರ್’ ಎಂದು ಹೆಸರಿಟ್ಟಿತು. ಒಳ್ಳೆಯ ಹೆಸರು.

ಕಾಳಜಿಯೇ ಬೇಡವೆಂದಲ್ಲ. ಭಾರತದಲ್ಲಿ ಮಾರುವ ಫೋನಿನಿಂದ ದೇಹ ಹೀರುವ ಶಕ್ತಿ ಕಿಲೋಗೆ 1.6 ವ್ಯಾಟ್ ಮೀರಬಾರದೆಂಬ ನಿಯಮ 2012ರಿಂದಿದೆ. ಸ್ಟಾರ್, ಹ್ಯಾಷ್, 07, ಹ್ಯಾಷ್ ಒತ್ತಿದರೆ ಆ ಅಂಕಿ ಪರದೆಗೆ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ರೇಡಿಯೋ ಅಲೆಗಳನ್ನು ‘ಬಹುಶಃ ಕ್ಯಾನ್ಸರಿಗೆ ಕಾರಣವಿರಬಹುದು’ ಎಂಬ 2ಬಿ ಪಟ್ಟಿಗೆ ಹಾಕಿತು. ಅದೇ ಸಂಸ್ಥೆ ಮಾಡಿಸಿದ ವಿಸ್ತೃತ ಪರಾಮರ್ಶೆ 2024ರಲ್ಲಿ ಹೊರಬಂತು. ಅದರಲ್ಲಿ ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಾಣಲಿಲ್ಲ. ಸುದ್ದಿಯಾಗಿ ಮನೆಮನೆ ತಲುಪಿದ್ದು ಮೊದಲನೆಯದು.

ಈ ನಡುವೆ ಮಾರುಕಟ್ಟೆ ಸುಮ್ಮನೆ ಕೂತಿಲ್ಲ. ಫೋನಿನ ಬೆನ್ನಿಗೆ ಅಂಟಿಸುವ ಚಿಪ್, ಕೊರಳಿಗೆ ‘ರಕ್ಷಣೆ’ಯ ಪದಕ. 2021ರ ಕೊನೆಯಲ್ಲಿ ನೆದರ್ಲೆಂಡ್ಸ್‌ನ ಪರಮಾಣು ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ವಸ್ತುಗಳನ್ನು ಪರೀಕ್ಷಿಸಿತು. 5ಜಿಯಿಂದ ಕಾಪಾಡುತ್ತವೆ ಎಂದು ಮಾರಿದ ಆ ಸರ, ಬಳೆ, ನಿದ್ದೆಯ ಕಣ್ಪಟ್ಟಿಗಳೇ ವಿಕಿರಣಶೀಲವಾಗಿದ್ದವು, ಅದೂ ಅಯಾನೀಕಾರಕ ವಿಕಿರಣ. ಅವುಗಳಲ್ಲಿ ಮಕ್ಕಳಿಗೆಂದು ಮಾಡಿದ ಬಳೆಯೂ ಒಂದು. ಇಲ್ಲದ ಅಪಾಯದಿಂದ ಮಗುವನ್ನು ಕಾಯಲು ಹೋದ ತಾಯಿ ಇರುವ ಅಪಾಯವನ್ನು ಅದರ ಕೈಗೆ ತೊಡಿಸಿದ್ದಳು. ಪದ ಮಸುಕಾಗಿದ್ದರಿಂದಲೇ ಆ ವ್ಯಾಪಾರ ಸಾಧ್ಯವಾಯಿತು.

ಪದದ ಇನ್ನೊಂದು ಮುಖ ಕ್ಯಾನ್ಸರ್ ಆಸ್ಪತ್ರೆಗಳಲ್ಲಿದೆ. ಬೆಂಗಳೂರಿನ ಕಿದ್ವಾಯಿಯಂಥ ಕಡೆ ದೂರದ ಊರುಗಳಿಂದ ಬಂದವರು ‘ಕರೆಂಟ್ ಕೊಡ್ತಾರೆ’ ಎನ್ನುವುದು ವಿಕಿರಣ ಚಿಕಿತ್ಸೆಗೆ. ಇಲ್ಲಿ ಅದು ಬದುಕಿಸುವ ಕಿರಣ, ಆದರೂ ಮನೆಯಲ್ಲಿ ಕಲಿತ ಹೆದರಿಕೆ ಜೊತೆಗೇ ಬಂದಿರುತ್ತದೆ: ಕರೆಂಟ್ ಕೊಡಿಸಿಕೊಂಡ ಅಮ್ಮನ ಪಕ್ಕ ಮಗು ಮಲಗಬಹುದೇ, ತಟ್ಟೆ ಬೇರೆ ಇಡಬೇಕೇ? ಯಂತ್ರ ಹೊರಗಿನಿಂದ ಹಾಯಿಸಿದ ಕಿರಣ ಸ್ವಿಚ್ ಆರಿದೊಡನೆ ನಿಂತಿತು, ಮೈಯಲ್ಲಿ ಏನೂ ಉಳಿಯುವುದಿಲ್ಲ. ಅಂದೇ ಸಂಜೆ ಮಗು ತೊಡೆಯೇರಬಹುದು. ಥೈರಾಯ್ಡ್ ಕ್ಯಾನ್ಸರಿಗೆ ವಿಕಿರಣಶೀಲ ಅಯೋಡಿನ್ ಸೇವಿಸಿದವರ ವಿಷಯ ಬೇರೆ. ಅವರು ಕೆಲವು ದಿನ ಮಕ್ಕಳಿಂದ, ಬಸುರಿಯರಿಂದ ದೂರವಿರಬೇಕು. ಎಷ್ಟು ದಿನ ಎಂಬುದನ್ನು ಕೊಟ್ಟ ಪ್ರಮಾಣ ನೋಡಿ ವೈದ್ಯರೇ ಹೇಳುತ್ತಾರೆ.