ಹೊಟ್ಟೆಹುಳುವಿನ ಎರಡು ಚರಿತ್ರೆ

1909ರಲ್ಲಿ ಅಮೆರಿಕದ ಶ್ರೀಮಂತ ಜಾನ್ ಡಿ. ರಾಕ್‌ಫೆಲರ್ ಹತ್ತು ಲಕ್ಷ ಡಾಲರ್ ತೆಗೆದಿಟ್ಟದ್ದು ಒಂದು ಹುಳುವನ್ನು ಕೊಲ್ಲುವುದಕ್ಕೆ. ದಕ್ಷಿಣದ ರಾಜ್ಯಗಳಲ್ಲಿ ಬರಿಗಾಲಲ್ಲಿ ಓಡಾಡುವ ಬಡವರ ಕರುಳು ಸೇರಿ ರಕ್ತ ಹೀರುತ್ತಿದ್ದ ಕೊಕ್ಕೆಹುಳು ಅದು. ರಕ್ತಹೀನತೆಯಿಂದ ಸೊರಗಿದವರಿಗೆ ಸೋಮಾರಿಗಳೆಂಬ ಹೆಸರೂ ಅಂಟಿತ್ತು. ಔಷಧಿ, ಪಾದರಕ್ಷೆ, ಕಕ್ಕಸುಗಳು ಬಂದಂತೆ ಹುಳು ಹಿಂದೆ ಸರಿಯಿತು. ವೈದ್ಯಲೋಕ ಹೆಮ್ಮೆಯಿಂದ ಹೇಳಿಕೊಳ್ಳುವ ಚರಿತ್ರೆ ಇದು.

ಇನ್ನೊಂದು ಚರಿತ್ರೆ ಇಷ್ಟು ನೇರವಾಗಿಲ್ಲ. ಪ್ರಯೋಗಕ್ಕೆಂದು ತಮ್ಮ ದೇಹಕ್ಕೇ ಕೊಕ್ಕೆಹುಳು ಸೇರಿಸಿಕೊಂಡಿದ್ದ ಬ್ರಿಟಿಷ್ ವಿಜ್ಞಾನಿ ಟರ್ಟನ್, ಹುಳು ಇದ್ದಷ್ಟು ಕಾಲ ತಮ್ಮ ಪರಾಗದ ಅಲರ್ಜಿ ಕಾಡಲಿಲ್ಲವೆಂದು 1976ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದರು. 1989ರಲ್ಲಿ ಡೇವಿಡ್ ಸ್ಟ್ರಾಚನ್ 17,414 ಬ್ರಿಟಿಷ್ ಮಕ್ಕಳ ದಾಖಲೆ ಪರಿಶೀಲಿಸಿ, ಒಡಹುಟ್ಟಿದವರು ಹೆಚ್ಚಿರುವ ಮನೆಗಳಲ್ಲಿ ಈ ಅಲರ್ಜಿ ಕಡಿಮೆ ಎಂದು ತೋರಿಸಿದರು. ಸೋಂಕುಗಳೇ ಇಲ್ಲದಾದಾಗ ದೇಹದ ಕಾವಲು ದಿಕ್ಕು ತಪ್ಪುತ್ತದೆಯೇ ಎಂಬ ಪ್ರಶ್ನೆ ಎದ್ದಿತು.

ಆಟೋಇಮ್ಯೂನ್ ಕಾಯಿಲೆಯೆಂದರೆ ಬೇಲಿಯೇ ಎದ್ದು ಹೊಲ ಮೇಯುವ ಸ್ಥಿತಿ. ರೋಗಗಳನ್ನು ತಡೆಯಬೇಕಾದ ಶಕ್ತಿ ಸ್ವಂತ ಅಂಗಗಳ ಮೇಲೆ ತಿರುಗಿಬೀಳುತ್ತದೆ. ಹುಳುವಿಗಾದರೋ ಈ ಬೇಲಿಯೊಳಗೇ ವರ್ಷಗಟ್ಟಲೆ ಬದುಕಬೇಕು. ಹಾಗಾಗಿ ಅದು ಕಾವಲು ಕೋಶಗಳನ್ನು ಶಾಂತಗೊಳಿಸುವ ಉಪಾಯ ಕಲಿತಿದೆ. ಈ ಉಪಾಯವನ್ನೇ ಔಷಧಿಯಾಗಿಸಲು ಅಯೋವಾದಲ್ಲಿ ಜೋಯಲ್ ವೈನ್‌ಸ್ಟಾಕ್ ಮತ್ತು ಸಂಗಡಿಗರು ಹೊರಟರು. ಕರುಳನ್ನು ಕಾಡುವ ಕ್ರೋನ್ಸ್ ಕಾಯಿಲೆಯ 29 ರೋಗಿಗಳಿಗೆ ಮೂರು ವಾರಕ್ಕೊಮ್ಮೆ ಹಂದಿಯ ಹುಳುವಿನ 2,500 ಮೊಟ್ಟೆಗಳನ್ನು ಕುಡಿಸಿದರು. 24 ವಾರಗಳಲ್ಲಿ 21 ಮಂದಿಯ ಕಾಯಿಲೆ ತಣ್ಣಗಾಗಿತ್ತು. ಆದರೆ 2005ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಹೋಲಿಸಿ ನೋಡಲು ಹುಸಿ ಔಷಧಿಯ ಗುಂಪು ಇರಲಿಲ್ಲ.

ಅರ್ಜೆಂಟೀನಾದಲ್ಲಿ ಹೊರಿಗೆ ಕೊರಿಯಾಲೆ ಮತ್ತು ಮೌರಿಸಿಯೊ ಫಾರೆಸ್ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗವಿದ್ದ 12 ಮಂದಿಯನ್ನು ವರ್ಷಗಳ ಕಾಲ ಗಮನಿಸಿದರು. ಸಹಜವಾಗಿಯೇ ಹೊಟ್ಟೆಯಲ್ಲಿ ಹುಳುವಿದ್ದ ಅವರ ನರರೋಗ ಬಹುಮಟ್ಟಿಗೆ ಸ್ತಬ್ಧವಾಗಿತ್ತು. ಹುಳುಬಾಧೆ ಹೆಚ್ಚಾಗಿ ನಾಲ್ವರಿಗೆ ಔಷಧಿ ಕೊಡಲೇಬೇಕಾಯಿತು. ಹುಳು ಹೋಯಿತು, ನರರೋಗ ಮತ್ತೆ ಕೆರಳಿತು.

ಇಷ್ಟರಿಂದಲೇ ಹುಳು ಮದ್ದಾಗಲಿಲ್ಲ. ಸುಮಾರು 250 ಕ್ರೋನ್ಸ್ ರೋಗಿಗಳ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಹಂದಿಹುಳುವಿನ ಮೊಟ್ಟೆ ಹುಸಿ ಔಷಧಿಗಿಂತ ಮೇಲೆನಿಸಲಿಲ್ಲವೆಂದು 2013ರಲ್ಲಿ ತಿಳಿಯಿತು. ವಿಜ್ಞಾನಿಗಳೀಗ ಹುಳುವನ್ನು ಬಿಟ್ಟು, ಅದು ಸ್ರವಿಸುವ ವಸ್ತುಗಳನ್ನು ಹುಡುಕುತ್ತಿದ್ದಾರೆ.

ನಮ್ಮ ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಅಲ್ಬೆಂಡಜೋಲ್ ಮಾತ್ರೆಯನ್ನು ಈ ಕಥೆ ಕೇಳಿ ಯಾರೂ ಬೇಡವೆನ್ನಬೇಕಿಲ್ಲ. ರಕ್ತಹೀನತೆಯಿಂದ ಬಳಲುವ ಮಗುವಿಗೆ ಹುಳು ಇಂದಿಗೂ ಶತ್ರುವೇ. ಆದರೆ ಆ ನಾಲ್ವರ ಪಾಲಿಗೆ ಹೊರಹೋದದ್ದು ಬರೀ ಶತ್ರುವಾಗಿರಲಿಲ್ಲ. ಹುಳುವಿನ ಚರಿತ್ರೆ ಬರೆಯುವವರು ಎರಡನ್ನೂ ಬರೆಯಬೇಕು.