ಬಾಗಿಲು ಬಡಿದ ರೈತನ ಚಿತ್ರ

ನೆನಪಿದೆಯಾ ವೀಕ್ಷಕರೇ, 2014ರ ಸೆಪ್ಟೆಂಬರ್ 24? ಬೆಳಗ್ಗೆ ಟಿವಿ ಹಾಕಿದವರೆಲ್ಲ ಬೆಂಗಳೂರಿನಲ್ಲಿ ಇಸ್ರೋ ವಿಜ್ಞಾನಿಗಳು ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ನೋಡಿದ್ರಿ. ಮಂಗಳಯಾನ ಮೊದಲ ಯತ್ನದಲ್ಲೇ ಮಂಗಳನ ಕಕ್ಷೆ ಸೇರಿತ್ತು. ಖರ್ಚು ಸುಮಾರು 450 ಕೋಟಿ ರೂಪಾಯಿ. ನಾವೆಲ್ಲ ಎದೆಯುಬ್ಬಿಸಿಕೊಂಡು ಓಡಾಡುತ್ತಿದ್ದ ಆ ವಾರದಲ್ಲೇ ನ್ಯೂಯಾರ್ಕ್ ಟೈಮ್ಸ್‌ನ ಅಂತಾರಾಷ್ಟ್ರೀಯ ಆವೃತ್ತಿಯಲ್ಲಿ ಒಂದು ಕಾರ್ಟೂನ್ ಬಂತು. ಪೇಟ ಸುತ್ತಿದ ಒಬ್ಬ ರೈತ, ಕೈಯಲ್ಲಿ ಆಕಳ ಹಗ್ಗ. ಅವನು ಒಂದು ಬಾಗಿಲು ಬಡಿಯುತ್ತಿದ್ದಾನೆ. ಒಳಗೆ ಗಣ್ಯರ ಬಾಹ್ಯಾಕಾಶ ಕ್ಲಬ್. ಇಬ್ಬರು ಸೂಟುಧಾರಿಗಳು ಭಾರತದ ಮಂಗಳಯಾನದ ಸುದ್ದಿ ಇರುವ ಪೇಪರ್ ಹಿಡಿದು ಕೂತಿದ್ದಾರೆ.

ದೇಶವೆಲ್ಲ ಕೆಂಡವಾಯಿತು. ನಾನೂ ಆದೆ. ಆ ರಾತ್ರಿ ಬಿಳಿಯರ ಸೊಕ್ಕು ಅಂತ ಶುರು ಮಾಡಿದವನು ಗಂಟಲು ಕಟ್ಟುವವರೆಗೂ ನಿಲ್ಲಿಸಲಿಲ್ಲ. ಮಧ್ಯದಲ್ಲಿ ಹುಬ್ಬಳ್ಳಿಯಿಂದ ಒಬ್ಬ ಹಿರಿಯರ ಫೋನ್ ಬಂತು. "ಸರ್, ಯಾಕ್ ಇಷ್ಟ್ ಸಿಟ್ಟಾಗೀರಿ? ಬಾಗಲಾ ಬಡಿಯಾಂವ ನಮ್ಮಂವ, ಖರೆ. ಆದ್ರ ಇದ್ರಾಗ ನಗೆಪಾಟಲಾದವ್ರು ಯಾರ್ರಿ? ಒಳಗ ಕುಂತಾರಲ್ಲ, ಅವ್ರ ಮಾರಿ ನೋಡ್ರಿ." ನಾನು ಮಾರಿ ನೋಡಲಿಲ್ಲ. "ಒಂದು ಸಣ್ಣ ಬ್ರೇಕ್" ಅಂದೆ. ಬ್ರೇಕ್ ಮುಗಿದಾಗ ಲೈನ್ ಕಟ್ ಆಗಿತ್ತು.

ಅಕ್ಟೋಬರ್ ಮೊದಲ ವಾರದಲ್ಲಿ ಪತ್ರಿಕೆಯ ಸಂಪಾದಕರು ಕ್ಷಮೆ ಕೇಳಿದರು. ಬಾಹ್ಯಾಕಾಶ ಈಗ ಶ್ರೀಮಂತ ಪಾಶ್ಚಾತ್ಯ ದೇಶಗಳ ಸ್ವತ್ತಾಗಿ ಉಳಿದಿಲ್ಲ ಅಂತ ತೋರಿಸುವುದೇ ಕಲಾವಿದನ ಉದ್ದೇಶವಾಗಿತ್ತು ಎಂದು ವಿವರಿಸಿದರು. ಅಂದರೆ ಹುಬ್ಬಳ್ಳಿಯ ಹಿರಿಯರು ಹೇಳಿದ್ದೇ! ಇನ್ನು ಬಿಡಿಸಿದವರು ಬಿಳಿಯರೂ ಅಲ್ಲ. ಹೆಂಗ್ ಕಿಮ್ ಸಾಂಗ್, ಸಿಂಗಾಪುರದವರು.

ಹಾಗಂತ ನಮ್ಮ ಸಿಟ್ಟು ಪೂರ್ತಿ ಸುಳ್ಳಾಗಿತ್ತಾ? ಅದೂ ಅಲ್ಲ. 1981ರಲ್ಲಿ ನಮ್ಮ ಆ್ಯಪಲ್ ಉಪಗ್ರಹ ಎತ್ತಿನ ಗಾಡಿಯ ಮೇಲೆ ಕೂತಿರುವ ಫೋಟೊ ನೀವು ನೋಡೇ ಇರ್ತೀರಿ. ಆಂಟೆನಾ ಪರೀಕ್ಷೆಗೆ ಲೋಹವಿಲ್ಲದ ಗಾಡಿ ಬೇಕಿತ್ತು, ಮರದ ಗಾಡಿ ತಂದರು. ಆ ಫೋಟೊ ನಮಗೆ ಹೆಮ್ಮೆ, ಶಾಲೆಯ ಭಾಷಣದಲ್ಲೂ ಬರುತ್ತದೆ. ನಮ್ಮ ಗಾಡಿಗೆ ಕಟ್ಟಿದಾಗ ಹೆಮ್ಮೆಯಾಗುವ ದನ, ಬೇರೆಯವರ ಕುಂಚದಲ್ಲಿ ಬಂದರೆ ಅವಮಾನ. ಮನೆಯ ಹರಕು ಚಾಪೆ ಬಗ್ಗೆ ನಾವು ತಮಾಷೆ ಮಾಡಬಹುದು, ಬೀಗರು ಮಾಡಿದರೆ ಸಹಿಸ್ತೀವಾ? ಎರಡು ಶತಮಾನ ಬೇರೆಯವರ ಪೇಪರಿನಲ್ಲಿ ಹಾವಾಡಿಗರಾಗಿ, ಆನೆಗಳಾಗಿ ಕಾಣಿಸಿಕೊಂಡವರಿಗೆ ಚರ್ಮ ಸ್ವಲ್ಪ ತೆಳ್ಳಗೇ ಇರುತ್ತದೆ.

ಆಕಳ ಮಾತು ಬಂದಾಗ ಆರ್.ಕೆ. ಲಕ್ಷ್ಮಣ್ ನೆನಪಾಗ್ತಾರೆ. 1921ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮನೆಗೆ ಬರುತ್ತಿದ್ದ ಹಿಂದೂ ಪತ್ರಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ಲಂಡನ್ನಿನ ಡೇವಿಡ್ ಲೋ ಅವರ ಕಾರ್ಟೂನ್ ಇರುತ್ತಿತ್ತು. ಹುಡುಗ ಲಕ್ಷ್ಮಣ್ ಅದಕ್ಕೆ ಮರುಳಾದರು. ಆದರೆ ಮೂಲೆಯಲ್ಲಿದ್ದ 'ಲೋ' ಎಂಬ ಸಹಿಯನ್ನು ಬಹಳ ಕಾಲ ಅವರು ಓದಿಕೊಂಡದ್ದು 'ಕೌ' ಎಂದು! ನ್ಯೂಜಿಲೆಂಡಿನಲ್ಲಿ ಹುಟ್ಟಿದ ಲೋ, ಲಂಡನ್ನಿನಲ್ಲಿ ಕೂತು ಹಿಟ್ಲರ್, ಮುಸೊಲಿನಿಯರನ್ನು ಬಿಡಿಸುತ್ತಿದ್ದರೆ ಮೈಸೂರಿನ ಹುಡುಗ ಅದನ್ನು ಆಕಳ ಹೆಸರಿನಲ್ಲಿ ಸವಿಯುತ್ತಿದ್ದ. ಹೆಸರು ತಪ್ಪಿತು, ಗೆರೆ ದಕ್ಕಿತು. ಆ ಹುಡುಗನೇ ಮುಂದೆ ಡಾ. ಎಂ. ಶಿವರಾಂ 1942ರಲ್ಲಿ ಶುರು ಮಾಡಿದ ಕೊರವಂಜಿಗೆ ಬಿಡಿಸಿದರು, 1947ರಲ್ಲಿ ಮುಂಬೈಯ ಟೈಮ್ಸ್ ಆಫ್ ಇಂಡಿಯಾ ಸೇರಿದರು.

ಅಲ್ಲಿಂದ ಅವರ ಚಿತ್ರ ರೈಲು ಹತ್ತಿ ನಮ್ಮ ಧಾರವಾಡಕ್ಕೆ ಬರುತ್ತಿತ್ತು. 1956ರವರೆಗೆ ನಾವು ಮುಂಬೈ ರಾಜ್ಯದವರು ನೋಡಿ. ರಾಜ್ಯ ಬದಲಾದರೂ ಮುಂಬೈ ಪೇಪರಿನ ಚಟ ಹೋಗಲಿಲ್ಲ. ನಾನು ಸಣ್ಣವನಿದ್ದಾಗ ನಮ್ಮಜ್ಜ ಕಟ್ಟೆ ಮೇಲೆ ಕೂತು ನಿನ್ನೆಯ ಪೇಪರ್ ಇವತ್ತು ಬಿಚ್ಚೋರು. ಇಂಗ್ಲಿಷ್ ಬಾರದ ನೆರೆಯವರು ಸುತ್ತ ಸೇರೋರು. ಚಿತ್ರ ಎಲ್ಲರಿಗೂ ಕಾಣುತ್ತಿತ್ತು, ಆದರೆ ಅಜ್ಜ ಬಾಯಿ ಬಿಡುವವರೆಗೂ ಯಾರೂ ನಗುತ್ತಿರಲಿಲ್ಲ. ದಿಲ್ಲಿಯಲ್ಲಿ ಏನಾಯ್ತು, ಆ ದಪ್ಪ ಮನುಷ್ಯ ಯಾವ ಮಂತ್ರಿ, ಅವನು ನಿನ್ನೆ ಏನಂದಿದ್ದ, ಎಲ್ಲ ಹೇಳಬೇಕು. ಆಮೇಲೆ ಮಂತ್ರಿಯ ಇಂಗ್ಲಿಷ್ ಮಾತು ಅಚ್ಚ ಧಾರವಾಡ ಕನ್ನಡದಲ್ಲಿ ಬರಬೇಕು. ಚೌಕಳಿ ಕೋಟು, ಧೋತರದ ಶ್ರೀಸಾಮಾನ್ಯ ಮಾತ್ರ ಯಾವತ್ತೂ ಬಾಯಿ ಬಿಡುತ್ತಿರಲಿಲ್ಲ, ಅವನಿಗೆ ಅನುವಾದ ಬೇಕಿರಲಿಲ್ಲ. "ಇಂವ ನಮ್ಮ ಪೈಕಿನ" ಅಂತಿದ್ದರು ಅಜ್ಜ, "ತಲಿ ಮ್ಯಾಲ ಟೊಪಿಗಿ ಒಂದ್ ಕಮ್ಮಿ ಆತು."

ಹೊರಗಿನದನ್ನು ತಂದು ನಮ್ಮ ಬಾಯಲ್ಲಿ ಹೇಳುವ ಈ ಕೆಲಸ ಹುಬ್ಬಳ್ಳಿಗೆ ಹೊಸದಲ್ಲ. ಕ್ಯಾಲಿಫೋರ್ನಿಯಾದಲ್ಲಿ ಪತ್ರಿಕೋದ್ಯಮ ಓದಿ ಬಂದ ಪಾಟೀಲ ಪುಟ್ಟಪ್ಪ 1954ರಲ್ಲಿ ಇಲ್ಲಿ ವಾರಪತ್ರಿಕೆ ತೆಗೆದರು, ಇಟ್ಟ ಹೆಸರೇ 'ಪ್ರಪಂಚ'. 1956ರಲ್ಲಿ ರೀಡರ್ಸ್ ಡೈಜೆಸ್ಟ್ ಮಾದರಿಯಲ್ಲಿ 'ಕಸ್ತೂರಿ' ಬಂತು. ಅದನ್ನು ಬೆಳೆಸಿದ ಪಾ.ವೆಂ. ಆಚಾರ್ಯರು ಉಡುಪಿ ಕಡೆಯವರು. ಲಾಂಗೂಲಾಚಾರ್ಯ ಅಂತ ಹೆಸರಿಟ್ಟುಕೊಂಡು ನಗಿಸಿದರು. ಕರಾವಳಿಯವರ ನಗೆ ಹುಬ್ಬಳ್ಳಿಯವರಿಗೆ ಹತ್ತುವುದು ಸುಲಭದ ಮಾತಾ? ಬೆಂಗಳೂರಿನ "ಏನ್ ಸಾರ್" ನಗೆಯೇ ನಮ್ಮ ಕಟ್ಟೆಗೆ ಬರುವಾಗ ಎಷ್ಟೋ ಸಲ ಹಾದಿ ತಪ್ಪುತ್ತಿತ್ತು. ಕನ್ನಡದೊಳಗೇ ಇಷ್ಟು ದೂರ ಇರುವಾಗ ಸಿಂಗಾಪುರದ ಮಾತೇನು?

ದೂರ ಅಂದರೆ ಊರಿನದ್ದೇ ಆಗಬೇಕಿಲ್ಲ, ಕಾಲದ್ದೂ ಆಗಬಹುದು. 1949ರಲ್ಲಿ ಶಂಕರ್ ಒಂದು ಚಿತ್ರ ಬಿಡಿಸಿದ್ದರು. ಸಂವಿಧಾನ ಎಂಬ ಬಸವನ ಹುಳು, ಅದರ ಮೇಲೆ ಚಾಟಿ ಹಿಡಿದ ಅಂಬೇಡ್ಕರ್, ಹಿಂದೆ ಚಾಟಿ ಎತ್ತಿದ ನೆಹರೂ. ಸಂವಿಧಾನ ರಚನೆ ತಡವಾಗ್ತಿದೆ ಎಂಬುದು ಆಗಿನ ಸುದ್ದಿ. ಅದೇ ಚಿತ್ರ ಎನ್‌ಸಿಇಆರ್‌ಟಿ ಪಠ್ಯದಲ್ಲಿದೆ ಅಂತ 2012ರ ಮೇ ತಿಂಗಳಲ್ಲಿ ಸಂಸತ್ತು ಹೊತ್ತಿ ಉರಿಯಿತು. ತಡದ ಸುದ್ದಿ ಮರೆತುಹೋಗಿತ್ತು, ದಲಿತ ನಾಯಕನ ಬೆನ್ನ ಹಿಂದೆ ಎತ್ತಿದ ಚಾಟಿ ಮಾತ್ರ ಕಂಡಿತು. ಕಂಡವರ ನೋವು ಖೊಟ್ಟಿ ಅಂತ ನಾನು ಹೇಳಲಾರೆ.

ಇತ್ತ ನ್ಯೂಯಾರ್ಕ್ ಟೈಮ್ಸ್ 2019ರಲ್ಲಿ ಇಸ್ರೇಲ್ ಪ್ರಧಾನಿಯ ಕಾರ್ಟೂನ್ ಒಂದರಿಂದ ಮತ್ತೆ ಕೈ ಸುಟ್ಟುಕೊಂಡಿತು. ಈ ಸಲ ಕ್ಷಮೆ ಕೇಳಿದ್ದಷ್ಟೇ ಅಲ್ಲ, ಅಂತಾರಾಷ್ಟ್ರೀಯ ಆವೃತ್ತಿಯಲ್ಲಿ ದಿನದ ರಾಜಕೀಯ ಕಾರ್ಟೂನನ್ನೇ ಜುಲೈ 1ರಿಂದ ನಿಲ್ಲಿಸಿತು. ಬಿಡಿಸಿ ಹೇಳುವ ಗೊಡವೆಯೇ ಬೇಡ ಅಂತ ಅಂಗಡಿ ಮುಚ್ಚಿದ ಹಾಗೆ. ಜಾಗ ಕಳೆದುಕೊಂಡವರಲ್ಲಿ ನಮ್ಮ ಹೆಂಗ್ ಕೂಡ ಇದ್ದರು, ಸ್ವಿಟ್ಜರ್ಲೆಂಡಿನ ಪ್ಯಾಟ್ರಿಕ್ ಶಪಾಟ್ ಕೂಡ ಇದ್ದರು.

ಈ ಶಪಾಟ್ 2023ರ ಏಪ್ರಿಲ್‌ನಲ್ಲಿ ಜರ್ಮನಿಯ ಡೆರ್ ಸ್ಪೀಗಲ್‌ಗೆ ಇನ್ನೊಂದು ಚಿತ್ರ ಕೊಟ್ಟರು. ಜನಸಂಖ್ಯೆಯಲ್ಲಿ ಭಾರತ ಚೀನಾವನ್ನು ಮೀರಿಸುವ ಸುದ್ದಿ. ಛಾವಣಿ ಮೇಲೂ ಜನ ತುಂಬಿದ ನಮ್ಮ ಹಳೇ ರೈಲು, ಪಕ್ಕದ ಹಳಿಯಲ್ಲಿ ಚೀನಾದ ಬುಲೆಟ್ ರೈಲು. ಕರ್ನಾಟಕದಿಂದ ರಾಜ್ಯಸಭೆಯಲ್ಲಿದ್ದ ಸಚಿವ ರಾಜೀವ್ ಚಂದ್ರಶೇಖರ್ ಸೇರಿದಂತೆ ಅನೇಕರು ಖಂಡಿಸಿದರು. ನೈಋತ್ಯ ರೈಲ್ವೆಯ ಕೇಂದ್ರ ನಮ್ಮ ಹುಬ್ಬಳ್ಳಿ. ಅಲ್ಲಿ 1,507 ಮೀಟರ್ ಉದ್ದದ, ಪ್ರಪಂಚದಲ್ಲೇ ಅತಿ ಉದ್ದದ ಪ್ಲಾಟ್‌ಫಾರ್ಮನ್ನು ಪ್ರಧಾನಿ ಉದ್ಘಾಟಿಸಿ ಆಗಿನ್ನೂ ಒಂದೂವರೆ ತಿಂಗಳೂ ಆಗಿರಲಿಲ್ಲ!

ಆ ರಾತ್ರಿ ನಾನು ಮೊದಲು ಯಾರು ಬಿಡಿಸಿದ್ದು, ಯಾವ ಸುದ್ದಿಗೆ ಬಿಡಿಸಿದ್ದು ಅಂತ ಹೇಳಿದೆ. ಶಪಾಟ್ ಹುಟ್ಟಿದ್ದು ಕರಾಚಿಯಲ್ಲಿ ಅನ್ನುವುದನ್ನೂ ಹೇಳಿದೆ. ಆಮೇಲೆ ನನ್ನ ಅಭಿಪ್ರಾಯ. ಹೆಂಗ್ ಅವರ ಚಿತ್ರಕ್ಕೆ ಕೊಟ್ಟ ಸಂಶಯದ ಲಾಭವನ್ನು ನಾನು ಇದಕ್ಕೆ ಕೊಡಲಾರೆ, ಯಾಕಂದರೆ ಛಾವಣಿ ಮೇಲಿನ ಜನ ಅನ್ನೋದು ಹಳಸಿದ ಚಿತ್ರ, ಹೊಸದಾಗಿ ನೋಡಿ ಬಿಡಿಸಿದ್ದಲ್ಲ. ಇಷ್ಟು ಹೇಳಿ ಫೋನ್ ತೆಗೆದುಕೊಂಡೆ. ಮತ್ತೆ ಹುಬ್ಬಳ್ಳಿಯಿಂದಲೇ ಕರೆ, ಈ ಸಲ ಯಾರೋ ಹುಡುಗ.

"ಸರ್, ಬೈಯೂದು ಬಿಡ್ರಿ. ಅಷ್ಟ್ ಮಂದಿ ಒಮ್ಮೆಲೆ ಇಳಿಬೇಕಂದ್ರ ಆ ಗಾಡಿ ಸೀದಾ ನಮ್ಮೂರಿಗೇ ಬರಬೇಕ್ರಿ. ಅಷ್ಟುದ್ದದ ಪ್ಲಾಟ್‌ಫಾರ್ಮ್ ಬ್ಯಾರೆ ಎಲ್ಲೈತಿ?"