ಗಂಜಾಮಿನ ದೊಡ್ಡಸ್ವಾಮಿಯವರೂ ಪತಿತರ ಪ್ರಶ್ನೆಯೂ

ಶ್ರೀರಂಗಪಟ್ಟಣ ದ್ವೀಪದ ಪೂರ್ವದ ತುದಿಯಲ್ಲಿ, ಒಂದು ಕಾಲಕ್ಕೆ ಅಂಜೂರಕ್ಕೆ ಹೆಸರಾಗಿದ್ದ ಗಂಜಾಮಿನಲ್ಲಿ, ಚಿಕ್ಕದೊಂದು ದೇವಾಲಯವಿದೆ. ಜನರು ಅದನ್ನು ಇಂದಿಗೂ ಅಬ್ಬೆ ದುಬಾಯ್ ಚರ್ಚ್ ಎಂದೇ ಕರೆಯುತ್ತಾರೆ. ದರಿಯಾ ದೌಲತ್ತನ್ನೂ ಗುಂಬಜನ್ನೂ ನೋಡಿ ಸಂಗಮಕ್ಕೆ ಧಾವಿಸುವ ಪ್ರವಾಸಿಗರಲ್ಲಿ ಅತ್ತ ತಿರುಗುವವರು ವಿರಳ. ಬಾಬುರಾಯನಕೊಪ್ಪಲು, ಕಿರಂಗೂರು, ಪಾಲಹಳ್ಳಿಗಳ ಗದ್ದೆಬಯಲಿನಲ್ಲಿ ಈಗ ಕಾಣುವುದು ಭತ್ತ, ಕಬ್ಬು ಮತ್ತು ಹೆದ್ದಾರಿಯ ವಾಹನಗಳ ಸಾಲು. ಆದರೆ ಕನ್ನಡನಾಡಿನ ಕ್ರೈಸ್ತರ ಚರಿತ್ರೆಯನ್ನು ಓದುವವರಿಗೆ ಈ ನೆಲ ಒಂದು ಕಷ್ಟದ ಪ್ರಶ್ನೆಯನ್ನು ಇಟ್ಟುಕೊಂಡು ಕಾದಿರುವ ನೆಲ. ತನ್ನ ವಿಶ್ವಾಸವನ್ನು ಇನ್ನೊಬ್ಬರಿಗೆ ಸಾರುವುದು ಎಲ್ಲಿ ಮುಗಿಯುತ್ತದೆ, ಆ ಇನ್ನೊಬ್ಬರ ಮೇಲೆ ತೀರ್ಪು ಕೊಡುವುದು ಎಲ್ಲಿ ಮೊದಲಾಗುತ್ತದೆ? ಪ್ರೇಷಿತಕಾರ್ಯದ ಪಾಠದಲ್ಲಿ ಪ್ರತಿ ವರ್ಷವೂ ಏಳುವ ಈ ಪ್ರಶ್ನೆಗೆ ನಾವು ಸಾಮಾನ್ಯವಾಗಿ ಧರ್ಮಗ್ರಂಥದ ವಾಕ್ಯಗಳಿಂದ ಉತ್ತರ ಹೇಳಿ ಮುಗಿಸುತ್ತೇವೆ. ಒಬ್ಬ ಗುರುವಿನ ಬದುಕಿನಿಂದ ಉತ್ತರ ಹುಡುಕುವುದು ಅಷ್ಟು ಸುಲಭವಲ್ಲ. ಆದುದರಿಂದಲೇ ಇಲ್ಲಿ ಆ ಪ್ರಯತ್ನ.

ಮೈಸೂರು ಸೀಮೆಯಲ್ಲಿ ಕಥೋಲಿಕ ಪ್ರೇಷಿತಕಾರ್ಯ ದುಬಾಯ್ ಅವರಿಂದ ಆರಂಭವಾದುದಲ್ಲ. ಯೇಸುಸಭೆಯ ಲಿಯೊನಾರ್ದೊ ಚಿನ್ನಮಿಯವರು 17ನೆಯ ಶತಮಾನದ ನಡುಭಾಗದಲ್ಲಿಯೇ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತು ಕೆಲಸ ಮಾಡಿದ್ದರು. 1773ರಲ್ಲಿ ಯೇಸುಸಭೆ ರದ್ದಾದ ಮೇಲೆ ಆ ಕ್ಷೇತ್ರವು ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯ ಪಾಲಿಗೆ ಬಂತು. ಅಷ್ಟರಲ್ಲಿ ಬೇರೊಂದು ದಿಕ್ಕಿನಿಂದ ಕ್ರೈಸ್ತರು ಶ್ರೀರಂಗಪಟ್ಟಣಕ್ಕೆ ಬಂದರು, ಸೆರೆಯಾಳುಗಳಾಗಿ. ಎರಡನೆಯ ಮೈಸೂರು ಯುದ್ಧದಲ್ಲಿ ಕರಾವಳಿಯ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಸಂಶಯದಿಂದ 1784ರಲ್ಲಿ ಟಿಪ್ಪು ಸುಲ್ತಾನನು ಅವರನ್ನು ಬಂಧಿಸಿ ಘಟ್ಟ ಹತ್ತಿಸಿದನು. ದಾರಿಯಲ್ಲಿ ಸತ್ತವರು ಅನೇಕರು. ಉಳಿದವರಲ್ಲಿ ಬಹುಮಂದಿಗೆ ಸುನ್ನತಿ ಮಾಡಲಾಯಿತು, ಯುವಕರನ್ನು ಸೇನೆಗೆ ಸೇರಿಸಲಾಯಿತು. ಒಟ್ಟು ಎಷ್ಟು ಮಂದಿ ಎಂಬಲ್ಲಿ ಬರಹಗಾರರಲ್ಲಿ ಒಮ್ಮತವಿಲ್ಲ. ದುಬಾಯ್ ಅವರ ಲೆಕ್ಕ 60,000. ಈ ಪ್ರಸಂಗವನ್ನು ಇಂದು ಸಭೆ ಸಮಾರಂಭಗಳಲ್ಲಿ ಎತ್ತುವವರ ಉದ್ದೇಶ ಹೆಚ್ಚಾಗಿ ಸೆರೆಯಾಳುಗಳ ಮೇಲಣ ಮರುಕವಾಗಿರುವುದಿಲ್ಲವೆಂಬುದನ್ನು ನಾವು ಬಲ್ಲೆವು. ಶೃಂಗೇರಿಯ ಮಠಕ್ಕೆ ನೆರವಿತ್ತವನೂ ಇದೇ ಸುಲ್ತಾನ. ಅವನ ವಿಚಾರಣೆ ಈ ಲೇಖನದ ಕೆಲಸವಲ್ಲ.

1799ರ ಮೇ 4ರಂದು ಕೋಟೆ ಬಿತ್ತು. ಬದುಕುಳಿದವರಿಗೆ ಬಿಡುಗಡೆಯಾಯಿತು. ಅನೇಕರು ಕರಾವಳಿಗೆ ಮರಳಿದರು. ಕೆಲವರು ಈ ಕಡೆಯೇ ಉಳಿದರು. ಹದಿನೈದು ವರ್ಷ ಬೇರೊಂದು ಹೆಸರಿನಲ್ಲಿ, ಬೇರೊಂದು ಪ್ರಾರ್ಥನೆಯಲ್ಲಿ ಬಾಳಿದ್ದ ಈ ಜನರನ್ನು ಧರ್ಮಸಭೆಗೆ ಮರಳಿ ಸೇರಿಸಿಕೊಳ್ಳುವ ಹೊಣೆಗೆ, ಕರ್ನಲ್ ವೆಲ್ಲೆಸ್ಲಿಯ ಸಲಹೆಯಂತೆ, ಕರೆಬಂದದ್ದು ಜಾನ್ ಆಂತ್ವಾನ್ ದುಬಾಯ್ ಎಂಬ ಫ್ರೆಂಚ್ ಗುರುವಿಗೆ. ಅವರು ಆಗಲೇ ಕೆಲವು ವರ್ಷ ತಮಿಳು ಸೀಮೆಯಲ್ಲಿ ದುಡಿದಿದ್ದರು. ಈ ನಾಡಿನವರ ಉಡುಪನ್ನು ಉಟ್ಟು, ಇಲ್ಲಿಯವರ ಊಟ ಉಂಡು, ಇಲ್ಲಿಯವರಿಗೆ ಹೇಸಿಗೆ ಎನಿಸುವುದನ್ನು ಬಿಟ್ಟು ಬದುಕುವುದನ್ನು ರೂಢಿಸಿಕೊಂಡಿದ್ದರು. ಮೈಸೂರು ಸೀಮೆಯ ಕ್ರೈಸ್ತರು ಅವರನ್ನು ದೊಡ್ಡಸ್ವಾಮಿಯವರು ಎಂದರು.

ಬಂದವರನ್ನು ದೊಡ್ಡಸ್ವಾಮಿಯವರು ಸೇರಿಸಿಕೊಂಡರು. ಮುಖ್ಯವಾದ ಸಂಗತಿ ಇದೇ. ಕ್ಷಮೆ ಕೇಳಿ ಬಂದವರ ಮುಂದೆ ಬಾಗಿಲು ಮುಚ್ಚಲಿಲ್ಲ. ಚದುರಿದ್ದ ಸಮುದಾಯ ಮತ್ತೆ ಒಂದು ಸಮುದಾಯವಾಯಿತು. ಆದರೆ ಅದೇ ಗುರುಗಳು ಮುಂದೆ ಲೇಖನಿ ಹಿಡಿದಾಗ ಬರೆದದ್ದು ಬೇರೆಯೇ. 1823ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ, ಭಾರತದಲ್ಲಿ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತ ಅವರ ಪತ್ರಗಳಲ್ಲಿ ಸೆರೆಯಾಳುಗಳ ಪ್ರಸ್ತಾಪ ಬರುತ್ತದೆ. ಅಷ್ಟು ಸಾವಿರ ಜನರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಡಲು ಒಬ್ಬನೂ ಮುಂದಾಗಲಿಲ್ಲ, ಎಲ್ಲರೂ ಹೇಳಿದಂತೆ ಕೇಳಿದರು ಎಂಬುದು ಅಲ್ಲಿನ ಆರೋಪದ ಸಾರ. ಇಲ್ಲಿಯ ಕ್ರೈಸ್ತರ ವಿಶ್ವಾಸ ಎಷ್ಟು ತೆಳು ಎಂದು ಯೂರೋಪಿನ ಓದುಗನಿಗೆ ತೋರಿಸಲು ಅವರು ಈ ಉದಾಹರಣೆಯನ್ನು ಬಳಸುತ್ತಾರೆ. ಪಾಪನಿವೇದನೆಯ ಪೀಠದಲ್ಲಿ ಕ್ಷಮೆಯನ್ನು ಪಡೆದು ಹೋದವರು ಪುಸ್ತಕದಲ್ಲಿ ಮತ್ತೆ ಅಪರಾಧಿಗಳಾಗಿ ನಿಂತಿದ್ದಾರೆ.

ಇದನ್ನು ಓದಿದಾಗ ಮೊದಲು ಬರುವುದು ಸಿಟ್ಟು. ದುಬಾಯ್ ಅವರು ಫ್ರಾನ್ಸನ್ನು ಬಿಟ್ಟದ್ದು 1792ರಲ್ಲಿ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಪ್ಯಾರಿಸ್ಸಿನ ಸೆರೆಮನೆಗಳಲ್ಲಿ, ಕಾರ್ಮೆಲ್ ಮಠದ ತೋಟದಲ್ಲಿ, ನೂರಾರು ಗುರುಗಳನ್ನು ಕೊಂದರು. ಅಂಥ ಬೆಂಕಿಯ ವರ್ಷದಲ್ಲಿ ಹಡಗು ಹತ್ತಿದವರು, ಮಕ್ಕಳು ಮುದುಕರೊಡನೆ ಘಟ್ಟ ಹತ್ತಿಸಲ್ಪಟ್ಟವರನ್ನು ನೀವೇಕೆ ಸಾಯಲಿಲ್ಲ ಎಂದು ಕೇಳಬಹುದೇ? ಈ ವಾದವನ್ನು ತರಗತಿಯಲ್ಲಿ ನಾವು ಒಮ್ಮೆಗಿಂತ ಹೆಚ್ಚು ಸಲ ಉತ್ಸಾಹದಿಂದ ಮಂಡಿಸಿದ್ದೇವೆ. ಆಮೇಲೆ ಅದರ ಬಗ್ಗೆ ನಾಚಿಕೆಯಾಯಿತು. ಅವರು ಪ್ರೇಷಿತಕಾರ್ಯಕ್ಕೆಂದು ಕಳುಹಿಸಲ್ಪಟ್ಟವರು; ಅವರ ಅಂತರಂಗದಲ್ಲಿ ಭಯವೆಷ್ಟು ಕರೆಯೆಷ್ಟು ಎಂದು ತೂಗಲು ನಮ್ಮ ಕೈಯಲ್ಲಿ ತಕ್ಕಡಿಯಿಲ್ಲ. ಅವರ ಮೇಲೆ ನಾವು ಹೊರಿಸುವ ತಪ್ಪನ್ನು ಹೊರಿಸುವ ಕ್ಷಣದಲ್ಲಿಯೇ ನಾವು ಮಾಡಿರುತ್ತೇವೆ.

ಧರ್ಮಸಭೆಗೆ ಈ ಪ್ರಶ್ನೆ ಹೊಸದಲ್ಲ. 250ರಲ್ಲಿ ಚಕ್ರವರ್ತಿ ಡೇಸಿಯಸ್ ಪ್ರಜೆಗಳೆಲ್ಲರೂ ದೇವತೆಗಳಿಗೆ ಬಲಿಯರ್ಪಿಸಬೇಕೆಂದು ಆಜ್ಞೆ ಮಾಡಿದನು. ಕಾರ್ಥೇಜಿನ ಕ್ರೈಸ್ತರಲ್ಲಿ ಬಹುಮಂದಿ ಬಲಿಯರ್ಪಿಸಿದರು. ಕೆಲವರು ಹಣ ಕೊಟ್ಟು, ಅರ್ಪಿಸಿದ್ದೇವೆಂಬ ಪತ್ರ ಬರೆಯಿಸಿಕೊಂಡರು. ಧರ್ಮಾಧ್ಯಕ್ಷರಾಗಿದ್ದ ಸಂತ ಸಿಪ್ರಿಯಾನರು ತಲೆಮರೆಸಿಕೊಂಡು ಪತ್ರಗಳ ಮೂಲಕ ಸಭೆಯನ್ನು ನಡೆಸಿದರು. ಅದಕ್ಕಾಗಿ ರೋಮಿನ ಗುರುಗಳಿಂದ ಚುಚ್ಚುಮಾತು ಕೇಳಿದರು. ಹಿಂಸೆ ತಗ್ಗಿದ ಮೇಲೆ ಪತಿತರು ಬಾಗಿಲಿಗೆ ಬಂದು ನಿಂತರು. ನೊವಾಸಿಯಾನನು ಅವರಿಗೆ ಧರ್ಮಸಭೆಯಲ್ಲಿ ಮತ್ತೆ ಸ್ಥಾನವಿಲ್ಲ ಎಂದನು. ಸೆರೆಯಲ್ಲಿ ನರಳಿದ್ದ ಕೆಲವರು ತಮ್ಮ ಮಾತಿನ ಮೇಲೆ ಅವರನ್ನು ಕೂಡಲೇ ಸೇರಿಸಿಕೊಳ್ಳಬೇಕೆಂದರು. 251ರ ಕಾರ್ಥೇಜಿನ ಸಭೆಯಲ್ಲಿ ಸಿಪ್ರಿಯಾನರು ಹಿಡಿದದ್ದು ಎರಡೂ ಅಲ್ಲದ ದಾರಿ. ಪ್ರಾಯಶ್ಚಿತ್ತವಿರಲಿ, ಒಬ್ಬೊಬ್ಬರ ಸಂದರ್ಭವನ್ನೂ ನೋಡಿ ಅದರ ಅಳತೆಯಿರಲಿ; ಬಾಗಿಲು ಮಾತ್ರ ತೆರೆದಿರಲಿ. ಪತಿತರನ್ನು ಕುರಿತು ಅವರು ಬರೆದ ಮಾತುಗಳು ಮೃದುವೇನಲ್ಲ. ಆದರೆ ಬೈದವರೂ ಕಾದವರೂ ಅವರೇ. ಏಳು ವರ್ಷಗಳ ಮೇಲೆ, 258ರಲ್ಲಿ, ಅವರೂ ಕತ್ತಿಗೆ ಕೊರಳೊಡ್ಡಿದರು.

ಸಿಪ್ರಿಯಾನರು ತಮ್ಮ ಪತಿತರಿಗೇ ಬರೆದರು. ದುಬಾಯ್ ತಮ್ಮ ಪತಿತರನ್ನು ಕುರಿತು ಪರರಿಗೆ ಬರೆದರು. ಇಬ್ಬರ ಮಾತಿನ ಕಾಠಿನ್ಯದಲ್ಲಿ ಹೆಚ್ಚು ಅಂತರವಿಲ್ಲ. ಅಂತರವಿರುವುದು ಆ ಮಾತು ಯಾರ ಕಿವಿಗೆ ಬೀಳುತ್ತದೆ, ಅದರಿಂದ ಯಾರು ಎದ್ದು ನಿಲ್ಲಬಲ್ಲರು ಎಂಬಲ್ಲಿ. ಹೊರಗಿನವರ ಮೇಲೆ ತೀರ್ಪು ಕೊಡುವುದು ತಮ್ಮ ಕೆಲಸವಲ್ಲ, ಒಳಗಿನವರ ವಿಚಾರಣೆ ಮಾತ್ರ ನಮ್ಮದು ಎಂದು ಸಂತ ಪೌಲರು ಕೊರಿಂಥಿಯರಿಗೆ ಬರೆದ ಮೊದಲನೆಯ ಪತ್ರದ 5ನೆಯ ಅಧ್ಯಾಯದಲ್ಲಿ ಹೇಳುತ್ತಾರೆ. ಇದನ್ನು ಹಿಡಿದು ದುಬಾಯ್ ಅವರನ್ನು ಸಮರ್ಥಿಸಬಹುದು, ಸೆರೆಯಾಳುಗಳು ಒಳಗಿನವರೇ ಅಲ್ಲವೇ ಎಂದು. ಆದರೆ ಎರಡನೆಯ ಪತ್ರದ 2ನೆಯ ಅಧ್ಯಾಯದಲ್ಲಿ ಅದೇ ಪೌಲರು, ದಂಡನೆಗೊಳಗಾದವನು ದುಃಖದಲ್ಲಿ ಮುಳುಗಿಹೋಗದಂತೆ ಅವನನ್ನು ಕ್ಷಮಿಸಿ ಸಂತೈಸಿರೆಂದು ಬೇಡುತ್ತಾರೆ. ಒಳಗಿನವರ ವಿಚಾರಣೆಯೂ ಸಂತೈಸುವುದರಲ್ಲಿ ಮುಗಿಯಬೇಕು.

ಪತ್ರಗಳಲ್ಲಿ ಇನ್ನೊಂದು ತೀರ್ಪಿದೆ, ನಮ್ಮ ಮಟ್ಟಿಗೆ ಅದು ಇದಕ್ಕಿಂತ ಭಾರವಾದುದು. ಇಷ್ಟು ವರ್ಷಗಳ ದುಡಿಮೆಯಲ್ಲಿ ತಾವು ದೀಕ್ಷಾಸ್ನಾನ ಕೊಟ್ಟದ್ದು ಇನ್ನೂರು ಮುನ್ನೂರು ಮಂದಿಗೆ; ಅವರಲ್ಲಿ ಮೂರರಲ್ಲಿ ಎರಡು ಪಾಲು ಪರಯರು, ಭಿಕ್ಷುಕರು; ಉಳಿದವರು ಗತಿಯಿಲ್ಲದವರು, ಜಾತಿಯಿಂದ ಹೊರಬಿದ್ದವರು, ಮದುವೆಯಂಥ ಲಾಭಕ್ಕಾಗಿ ಬಂದವರು ಎಂದು ಅವರು ಲೆಕ್ಕ ಒಪ್ಪಿಸುತ್ತಾರೆ. ಜಾತಿವ್ಯವಸ್ಥೆಯನ್ನು ಹಿಂದೂ ಸಮಾಜದ ಬಹುದೊಡ್ಡ ಜಾಣ್ಮೆಯೆಂದು ಹೊಗಳಿದ ಲೇಖಕರಿಗೆ ಕೆಳಗಿನಿಂದ ಬಂದವರು ಸೋಲಿನ ಗುರುತಾಗಿ ಕಂಡರು. ಆದರೆ ಶುಭಸಂದೇಶದಲ್ಲಿ ಯೇಸುಸ್ವಾಮಿಯ ಬಳಿಗೆ ಬಂದವರು ಯಾರು? ರೊಟ್ಟಿ ತಿಂದು ಮತ್ತೆ ಹುಡುಕಿಕೊಂಡು ಬಂದವರು, ಮಗಳ ಕಾಯಿಲೆಗಾಗಿ ಹಟ ಹಿಡಿದ ತಾಯಿ, ಕುಷ್ಠ ವಾಸಿಯಾದರೆ ಸಾಕೆಂದ ಹತ್ತು ಮಂದಿ. ಸಂತ ಯೊವಾನ್ನರ ಶುಭಸಂದೇಶದ 6ನೆಯ ಅಧ್ಯಾಯದಲ್ಲಿ ಸ್ವಾಮಿಯು ಜನರ ಉದ್ದೇಶವನ್ನು ಮುಖಕ್ಕೇ ಹೇಳುತ್ತಾರೆ ನಿಜ. ಹೇಳಿದ ಮೇಲೆ ಅವರನ್ನು ಅಟ್ಟದೆ ಜೀವದ ರೊಟ್ಟಿಯ ಮಾತನ್ನು ಅವರೊಡನೆಯೇ ಆಡುತ್ತಾರೆ. ಬಡವನು ಅನ್ನಕ್ಕಾಗಿಯೂ ಮಾನಕ್ಕಾಗಿಯೂ ದೇವರಿಗಾಗಿಯೂ ಒಂದೇ ಹೆಜ್ಜೆಯಲ್ಲಿ ಬರಬಲ್ಲನು. ಆ ಹೆಜ್ಜೆಯನ್ನು ಮೂರಾಗಿ ಸೀಳಿ ನೋಡುವ ಅಧಿಕಾರ ನಮಗೆ ಯಾರು ಕೊಟ್ಟರು?

ಇದು ಹಳೆಯ ಮಾತಲ್ಲ. ನಮ್ಮ ರಾಜ್ಯದಲ್ಲಿ 2022ರಲ್ಲಿ ಜಾರಿಗೆ ಬಂದ ಮತಾಂತರ ಕಾಯಿದೆಯು ಉಡುಗೊರೆ, ಉಚಿತ ಶಿಕ್ಷಣ, ಮದುವೆಯ ಮಾತು, ಉತ್ತಮ ಬದುಕಿನ ಭರವಸೆ ಇವೆಲ್ಲವನ್ನೂ ಆಮಿಷದ ಪಟ್ಟಿಗೆ ಸೇರಿಸಿತು. ಮತ ಬದಲಿಸುವವನು ಮೂವತ್ತು ದಿನ ಮೊದಲೇ ಜಿಲ್ಲಾ ದಂಡಾಧಿಕಾರಿಗೆ ತಿಳಿಸಬೇಕೆಂದಿತು. ಅದನ್ನು ಹಿಂತೆಗೆಯಲು 2023ರ ಜೂನ್‌ನಲ್ಲಿ ಸಚಿವ ಸಂಪುಟ ತೀರ್ಮಾನಿಸಿತು. ಆ ಕಾಯಿದೆಯನ್ನು ನಾವೆಲ್ಲ ಖಂಡಿಸಿದೆವು, ಸರಿಯಾಗಿಯೇ. ಬಡವನ ಮನಸ್ಸಿನೊಳಗೆ ಇಳಿದು ಅವನ ಉದ್ದೇಶವನ್ನು ಅಳೆಯುವ ಆ ಅಳತೆಗೋಲು ಎರಡು ಶತಮಾನ ಮೊದಲೇ ನಮ್ಮ ಗುರುವೊಬ್ಬರ ಕೈಯಲ್ಲಿತ್ತು ಎಂಬುದನ್ನು ಮಾತ್ರ ಯಾರೂ ನೆನೆಯಲಿಲ್ಲ. ಆಮಿಷವೊಡ್ಡುವುದನ್ನೂ ಬಲವಂತವನ್ನೂ ದ್ವಿತೀಯ ವ್ಯಾಟಿಕನ್ ಮಹಾಸಭೆ ತನ್ನ ಪ್ರೇಷಿತಕಾರ್ಯದ ಆದೇಶದಲ್ಲಿ ಸ್ಪಷ್ಟವಾಗಿ ನಿಷೇಧಿಸಿದೆ. ಅದು ಸಾರುವವನ ಮೇಲಿನ ಕಟ್ಟುಪಾಡು. ಕೇಳುವವನ ಹೃದಯದ ತೀರ್ಪು ದೇವರೊಬ್ಬರದೇ ಎಂದೂ ಅದೇ ಮಹಾಸಭೆ ಇನ್ನೊಂದೆಡೆ ಹೇಳಿತು.

ದುಬಾಯ್ ಅವರನ್ನು ಇಲ್ಲಿಗೇ ಬಿಟ್ಟರೆ ಅನ್ಯಾಯವಾದೀತು. ಹಿಂದೂಗಳ ಮತಾಂತರ ಅಸಾಧ್ಯವೆಂದ ಅದೇ ಪುಸ್ತಕದ ಕೊನೆಯಲ್ಲಿ ಹಿಂದೂ ಸ್ತ್ರೀಪುರುಷರ ಪರವಾದ ಒಂದು ಸಮರ್ಥನೆಯೂ ಸೇರಿದೆ. ಪ್ರೊಟೆಸ್ಟಂಟ್ ಪಾದ್ರಿಯೊಬ್ಬರು ಈ ದೇಶದವರ ಶೀಲವನ್ನು ಕಟುವಾಗಿ ಹಳಿದಿದ್ದರು. ಶೀರ್ಷಿಕೆಯಲ್ಲಿ ಅವರ ಹೆಸರಿನ ಜಾಗದಲ್ಲಿ ಬರಿಯ ಚುಕ್ಕಿಗಳಿವೆ. ಅವರಿಗೆ ಉತ್ತರ ಕೊಡಲು ದುಬಾಯ್ ತಾವು ಮೂವತ್ತು ವರ್ಷ ಜೊತೆಯಲ್ಲಿ ಬಾಳಿದ ಸಂಸಾರಗಳ ನೆನಪನ್ನು ತರುತ್ತಾರೆ. ದೂರದಿಂದ ನೋಡಿದವರಿಗೆ ತೀರ್ಪು ಹೇಳಲು ಎಷ್ಟು ಸುಲಭವೆಂದು ಅವರಿಗೆ ಗೊತ್ತಿತ್ತು. (ಅವರ ಹೆಸರಿನ ಪ್ರಸಿದ್ಧ ಗ್ರಂಥ, 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಹಿಂದೂಗಳ ಆಚಾರ ವಿಚಾರಗಳ ವರ್ಣನೆ, ಬಹುಮಟ್ಟಿಗೆ ಯೇಸುಸಭೆಯ ಕೂರ್ದು ಎಂಬ ಗುರುಗಳ ಹಸ್ತಪ್ರತಿಯಿಂದ ಬಂದುದೆಂದು ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿದರು. ಸ್ವಂತ ಕಣ್ಣು ಯಾವುದು, ಎರವಲು ಕಣ್ಣು ಯಾವುದು ಎಂದು ಅಲ್ಲಿ ಬೇರ್ಪಡಿಸುವುದು ಕಷ್ಟ. ಈ ಸಮರ್ಥನೆಯಲ್ಲಿ ಕೇಳುವುದು ಅವರದೇ ದನಿ.)

ನ್ಯಾಯಸ್ಥಾನದಲ್ಲಿ ಸಾಕ್ಷಿಗೂ ನ್ಯಾಯಾಧೀಶನಿಗೂ ಬೇರೆ ಬೇರೆ ಜಾಗಗಳಿವೆ. ಪ್ರೇಷಿತರ ಕಾರ್ಯಕಲಾಪಗಳ ಮೊದಲ ಅಧ್ಯಾಯದಲ್ಲಿ ಶಿಷ್ಯರಿಗೆ ಗೊತ್ತಾದದ್ದು ಸಾಕ್ಷಿಯ ಜಾಗ. ಕಂಡದ್ದನ್ನೂ ಕೇಳಿದ್ದನ್ನೂ ಹೇಳಿ ಸಾಕ್ಷಿಯು ಕೆಳಗಿಳಿಯಬೇಕು. ಅವನ ಮಾತೇ ಪ್ರಶ್ನೆಗೊಳಗಾಗುತ್ತದೆ, ಅವನೇ ಎಲ್ಲರಿಗೂ ಕಾಣುವಂತೆ ನಿಂತಿರುತ್ತಾನೆ. ದುಬಾಯ್ ಅವರ ಪತ್ರಗಳಲ್ಲಿ ಈ ಎರಡು ಜಾಗಗಳ ನಡುವಿನ ಓಡಾಟವನ್ನು ಪುಟಪುಟದಲ್ಲಿಯೂ ಗುರುತಿಸಬಹುದು. ತಾವು ಬಾಳಿದ್ದನ್ನು ಹೇಳುವಾಗ ಅವರು ನಂಬತಕ್ಕ ಸಾಕ್ಷಿ. ಇತರರ ವಿಶ್ವಾಸ ಎಷ್ಟೆಂದು ಹೇಳಹೊರಟಾಗ ಅವರು ಎತ್ತರದ ಕುರ್ಚಿಗೆ ಏರಿರುತ್ತಾರೆ.

ಲೇಖನಿ ಕೆಳಗಿಟ್ಟ ದುಬಾಯ್ ಮಾತ್ರ ಬೇರೆಯವರು. ಗೋಮಾರಿ ಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. 1803 ಮತ್ತು 1804ರ ಅವಧಿಯಲ್ಲಿ ಅವರ ಮೇಲ್ವಿಚಾರಣೆಯಲ್ಲಿ ಮೈಸೂರು ಸೀಮೆಯ 25,432 ಮಂದಿಗೆ ಅದನ್ನು ಹಾಕಲಾಯಿತು. ಹಾಸನದ ಬಳಿ ಸಾತಹಳ್ಳಿಯಲ್ಲಿ, ನೆಲೆಯಿಲ್ಲದ ಕ್ರೈಸ್ತರನ್ನು ಬೇಸಾಯಕ್ಕೆ ಹಚ್ಚಿ ಊರು ಕಟ್ಟಿಸಿದರು. ಪತ್ರಗಳಲ್ಲಿ ವಿಶ್ವಾಸ ತೆಳುವೆಂದು ಅವರು ಬರೆದ ಜನರೇ ಅಲ್ಲಿ ಭೂಮಿ ಉತ್ತರು.

1823ರ ಜನವರಿಯಲ್ಲಿ ಅವರು ಫ್ರಾನ್ಸಿಗೆ ಹೊರಟರು. ಕಂಪನಿ ಸರಕಾರ ಪಿಂಚಣಿ ಕೊಟ್ಟಿತು. ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಗುರುಮಠದಲ್ಲಿದ್ದುಕೊಂಡು, 1836ರಿಂದ 1839ರವರೆಗೆ ಅದರ ಮುಖ್ಯಸ್ಥರೂ ಆಗಿ, ಪೂರ್ವದೇಶಗಳಿಗೆ ಹೊರಡುವ ಯುವ ಗುರುಗಳನ್ನು ಸಿದ್ಧಪಡಿಸಿದರು. ಮತಾಂತರ ಅಸಾಧ್ಯವೆಂದು ಅಚ್ಚು ಹಾಕಿಸಿದವರು ಹೊಸಬರನ್ನು ಹಡಗು ಹತ್ತಿಸುತ್ತಲೇ ಇದ್ದರು. 1848ರಲ್ಲಿ ತೀರಿಕೊಂಡರು. ಸಾತಹಳ್ಳಿಯಲ್ಲಿ ಇಂದಿಗೂ ಕ್ರೈಸ್ತ ಒಕ್ಕಲು ಮನೆತನಗಳಿವೆ. ಗಂಜಾಮಿನಲ್ಲಿ ಇಂದಿಗೂ ಬಲಿಪೂಜೆ ನಡೆಯುತ್ತದೆ.